ಕಾಗದ ಕೇಳಿದರೆ ಪಾಪವೇ?



"ದೊಡ್ಡ ಕಂಟ್ರಾಕ್ಟರು ಗುರುತಿನವರು, ಮಾತು ಕೊಟ್ಟಿದ್ದಾರೆ, ಅವರ ಹತ್ತಿರ ಕಾಗದ ಕೇಳುವುದು ಹೇಗೆ ಉಪದೇಶಿಗಳೇ?" ತಲಪಾಡಿ ದಾಟಿ ಮಂಗಳೂರಿಗೆ ಸಾರಣೆ, ಸೆಂಟ್ರಿಂಗ್, ಟೈಲ್ಸ್ ಕೆಲಸ ಹಿಡಿಯುವ ನಮ್ಮ ಕಾಸರಗೋಡು ಕಡೆಯ ತುಂಡುಗುತ್ತಿಗೆದಾರರಿಂದ ವರ್ಷಗಳಿಂದ ಕೇಳುತ್ತಿರುವ ಮಾತಿದು. ಇದನ್ನು ವಿಶ್ವಾಸವೆಂದು ಕರೆಯಬೇಡಿರಿ. ಇದು ಬರೀ ದಾಕ್ಷಿಣ್ಯ. ಇದರ ನಷ್ಟ ಕೊನೆಗೆ ಬೀಳುವುದು ನಿಮ್ಮ ಕೈಕೆಳಗಿನ ಕೂಲಿಯವರ ಮೇಲೆ.

ನಮ್ಮ ಸಂಘದ ಒಬ್ಬ ಮೇಸ್ತ್ರಿ ಮೂರು ಮಾಳಿಗೆಯ ಸಾರಣೆ ಮುಗಿಸಿದರು. ಅಳತೆ ಅವರ ತಲೆಯಲ್ಲಿತ್ತು, ದರ ಬಾಯಲ್ಲಿತ್ತು. ಹಣ ಕೇಳಿದರೆ, "ಧಣಿಯಿಂದ ನನಗೆ ಬರಲಿ, ನಿನಗೆ ಕೊಡುತ್ತೇನೆ." ಶನಿವಾರದ ಬಟವಾಡೆಗೆ ಹೆಂಡತಿಯ ಬಳೆ ಅಡವಿಗೆ ಹೋಯಿತು. ನಾವು ನಾಲ್ವರು ಕೇಳಲು ಹೋದಾಗ, ಅಷ್ಟು ಚದರಡಿ ಆಗಿಯೇ ಇಲ್ಲವೆಂದರು. ತೋರಿಸಲು ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ. ತಲೆ ತಗ್ಗಿಸಿ ಹಿಂದಿರುಗಿದೆವು.

ಧಣಿಯಿಂದ ಬಂದ ಮೇಲೆ ಕೊಡುವುದು ಯಾವ ನ್ಯಾಯ? ಬ್ರಿಟನ್ನಿನ 1996ರ ಕಾಯಿದೆಯು, ಧಣಿ ದಿವಾಳಿಯಾದ ಸಂದರ್ಭವೊಂದನ್ನು ಬಿಟ್ಟು, ಕಟ್ಟಡ ಕೆಲಸದಲ್ಲಿ ಇಂಥ ಷರತ್ತು ನಡೆಯದೆಂದು ಮಾಡಿತು. ನಾವಾದರೋ ತಲೆಯಾಡಿಸಿ ಬರುತ್ತೇವೆ. ಅನ್ಯಾಯದಿಂದ ಮನೆ ಕಟ್ಟಿಸಿ ಕೂಲಿ ಕೊಡದವನ ವಿಷಯ ಯೆರೆಮೀಯನ ಗ್ರಂಥ, 22ನೆಯ ಅಧ್ಯಾಯದಲ್ಲಿದೆ, ಓದಿರಿ. ಅದು ದೊಡ್ಡ ಕಂಟ್ರಾಕ್ಟರಿಗೆ ಮಾತ್ರ ಹೇಳಿದ್ದೆಂದು ತಿಳಿಯಬೇಡಿರಿ. ಕೂಲಿಯವನ ಕಣ್ಣಿಗೆ ಕೊಡದವನು ನೀವೇ.

ಕೆಲಸ ಹಿಡಿಯುವ ಮೊದಲೇ ದರ, ಹಣ ಕೊಡುವ ದಿನ, ಅಳೆಯುವ ಕ್ರಮ ಬರೆಸಿ ಸಹಿ ಹಾಕಿಸಿರಿ. ಕಿಟಕಿ ಬಾಗಿಲಿನ ಜಾಗ ಕಳೆಯುವುದೋ ಇಲ್ಲವೋ ಎಂಬುದೂ ಇರಲಿ; ಜಗಳ ಹುಟ್ಟುವುದೇ ಅಲ್ಲಿ. ಒಂದು ಮಾಳಿಗೆ ಮುಗಿದ ದಿನವೇ ಅಳತೆ ಪುಸ್ತಕಕ್ಕೆ ಅವರ ಇಂಜಿನಿಯರರ ಸಹಿ ಆಗಲಿ. ಹಿಂದಿನ ಬಿಲ್ಲು ಬಾರದೆ ಮುಂದಿನ ಮಾಳಿಗೆಗೆ ಸಾರುವೆ ಕಟ್ಟುವುದಿಲ್ಲವೆಂಬ ಮಾತನ್ನೂ ಬರೆಸಿರಿ. ಭದ್ರತೆಗೆಂದು ಹಿಡಿದಿಡುವ ಹಣಕ್ಕೆ ತಾರೀಕು ಬೇಕು, ಇಲ್ಲದಿದ್ದರೆ ಅದು ದಾನ. ಕೆಲಸವೂ ಕಂಟ್ರಾಕ್ಟರೂ ಮಂಗಳೂರಿನಲ್ಲಾದರೆ ದಾವೆಯೂ ಸಾಮಾನ್ಯವಾಗಿ ಅಲ್ಲಿಯೇ. ಆದ್ದರಿಂದ ಕನ್ನಡದಲ್ಲಿಯೇ ಬರೆಸಿರಿ.

ಹಣದ ದಿನ ಗೊತ್ತುಮಾಡದಿದ್ದರೆ, 1963ರ ಕಾಲಮಿತಿ ಕಾಯಿದೆಯಂತೆ, ಕೆಲಸ ಮುಗಿದಂದಿನಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. "ಮುಂದಿನ ತಿಂಗಳು" ಎಂದು ಬಾಯಲ್ಲಿ ಎಷ್ಟು ಸಲ ಹೇಳಿದರೂ ಅವಧಿ ಬೆಳೆಯದು. ಅವಧಿ ಮುಗಿಯುವ ಮೊದಲು ಬಾಕಿಯನ್ನು ಒಪ್ಪಿ ಸಹಿ ಮಾಡಿಕೊಟ್ಟರೆ ಅಂದಿನಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಹಣವಿಲ್ಲದೆ ಚೆಕ್ಕು ಹಿಂದೆ ಬಂದರೆ, ಬ್ಯಾಂಕು ತಿಳಿಸಿದ 30 ದಿನದೊಳಗೆ ಲಿಖಿತ ನೋಟಿಸು ಕೊಡಿರಿ. ನೋಟಿಸು ತಲುಪಿ 15 ದಿನದೊಳಗೆ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು.

"ಕಾಗದ ಕೇಳಿದರೆ ಕೆಲಸವೇ ತಪ್ಪುತ್ತದೆ" ಎನ್ನುತ್ತೀರಿ. ನಿಜ, ತಪ್ಪುತ್ತದೆ. ಒಬ್ಬನು ಕೇಳಿ ಕಳೆದುಕೊಂಡ ಕೆಲಸವನ್ನು ನಮ್ಮವನೇ ಇನ್ನೊಬ್ಬನು ಕಾಗದವಿಲ್ಲದೆ, ಅಡಿಗೆ ಎರಡು ರೂಪಾಯಿ ಕಡಿಮೆಗೆ ಹಿಡಿಯುತ್ತಾನೆ. ಆದಿತ್ಯವಾರ ಇಬ್ಬರೂ ಒಂದೇ ಬೆಂಚಿನಲ್ಲಿ ಮೊಣಕಾಲೂರುತ್ತಾರೆ. ಕಂಟ್ರಾಕ್ಟರಿಗಿಂತ ಮೊದಲು ನನಗೆ ಮಾತಾಡಲಿಕ್ಕಿರುವುದು ಆ ಎರಡನೆಯವನ ಹತ್ತಿರ.