ಬಾಟಲಿ ಆಮೇಲೆ ತನ್ನಿ, ಬೋರ್ ನೀರಿನ ಚೀಟಿ ಮೊದಲು ತನ್ನಿ

ಗೆಳೆಯರೇ, ಇವತ್ತು ರಾಗಿ, ಶೇಂಗಾ, ಟೊಮೆಟೊ ಯಾವುದೂ ಇಲ್ಲ. ಮನೆಯೊಳಗಿನ ಗಾಜಿನ ತೊಟ್ಟಿ ಮೀನಿನ ವಿಷಯ. ನಗಬೇಡಿ, ಕೊನೆವರೆಗೂ ಓದಿ.

ನಮ್ಮ ಬಯಲುಸೀಮೆ ಹಳ್ಳಿ ಮನೆಗಳಲ್ಲೂ ಈಗ ಟಿವಿ ಪಕ್ಕ ಒಂದು ಅಕ್ವೇರಿಯಂ ಬಂದು ಕೂತಿದೆ. ಮಕ್ಕಳು ಹಠ ಮಾಡ್ತಾರೆ, ದೊಡ್ಡವರು ಪೇಟೆಯಿಂದ ತರ್ತಾರೆ. ಬೋರ್ ಆನ್ ಮಾಡಿ ಪೈಪು ಬಿಟ್ಟು ತೊಟ್ಟಿ ತುಂಬಿಸಿ, ಅದೇ ಗಳಿಗೆಯಲ್ಲಿ ಮೀನು ಬಿಡ್ತಾರೆ. ಮೂರನೇ ದಿನ ಮೀನು ಹೊಟ್ಟೆ ಮೇಲಾಗಿ ತೇಲುತ್ತೆ. ಅಂಗಡಿಗೆ ಓಡಿದ್ರೆ ಒಂದು ನೀಲಿ ಬಾಟಲಿ ಕೊಡ್ತಾರೆ. ಅದಕ್ಕೂ ಬಗ್ಗದಿದ್ರೆ ಇನ್ನೊಂದು ಹಳದಿ ಬಾಟಲಿ. ಮೀನಿನ ದುಡ್ಡಿಗಿಂತ ಬಾಟಲಿ ದುಡ್ಡೇ ಜಾಸ್ತಿ ಆಯ್ತು.

ನನ್ನ ವಾದ ಇಷ್ಟೇ. ನೀರಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಆ ನೀರಿಗೆ ಏನನ್ನೂ ಸುರಿಯಬೇಡಿ. ಹೊಲದಲ್ಲಿ ನಾವು ಮಾಡೋದೂ ಇದೇ ತಾನೇ? ಮಣ್ಣು ಪರೀಕ್ಷೆ ಇಲ್ಲ, ರೋಗ ಯಾವುದು ಅಂತ ಗೊತ್ತಿಲ್ಲ. ಮುದುಡಿದ ಎಲೆ ಒಂದನ್ನು ಅಂಗಡಿಯವನ ಮುಂದೆ ಹಿಡಿದು, ಅವನು ಕೊಟ್ಟ ಮೂರು ಔಷಧಿ ಒಟ್ಟಿಗೆ ಕಲಸಿ ಹೊಡೀತೀವಿ. ಅದೇ ಚಾಳಿ ಈಗ ಮೀನಿನ ತೊಟ್ಟಿಗೂ ಬಂದಿದೆ.

ಮೊದಲು ಆ ನೀಲಿ ಬಾಟಲಿ ನೋಡೋಣ. ಅದರ ಹೆಸರು ಆಂಟಿ-ಕ್ಲೋರಿನ್. ಅದರಲ್ಲಿ ಸಾಮಾನ್ಯವಾಗಿ ಇರೋದು ಸೋಡಿಯಂ ಥಯೋಸಲ್ಫೇಟ್, ನೀರಿನ ಕ್ಲೋರಿನ್ ಹೊಡೆಯೋ ಉಪ್ಪು. ಪಟ್ಟಣದ ನಲ್ಲಿ ನೀರಿಗೆ ಬೇಕು. ಪಂಚಾಯ್ತಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನದ ನೀರಿಗೂ ಬೇಕು. ಆದ್ರೆ ಸ್ವಾಮಿ, ನಿಮ್ಮ ಹೊಲದ ಬೋರಿನೊಳಗೆ ಕ್ಲೋರಿನ್ ಹಾಕಿದವರು ಯಾರು? ಇಲ್ಲದ ಕಾಯಿಲೆಗೆ ಮದ್ದು ಕೊಡೋದಕ್ಕೆ ಏನಂತಾರೆ ನೀವೇ ಹೇಳಿ.

ಹಾಗಾದ್ರೆ ಮೀನು ಯಾಕೆ ಸತ್ತಿತು? ಆಳದಿಂದ ಬಂದ ನೀರಿನಲ್ಲಿ ಗಾಳಿ, ಅಂದ್ರೆ ಆಮ್ಲಜನಕ, ಬಹಳ ಕಡಿಮೆ. ಇಂಗಾಲದ ಡೈಆಕ್ಸೈಡ್ ಜಾಸ್ತಿ. ಆ ನೀರಿಗೆ ನೇರವಾಗಿ ಬಿಟ್ಟ ಮೀನಿಗೆ ಉಸಿರು ಕಟ್ಟುತ್ತೆ. ಕೆಲವು ಬೋರುಗಳಲ್ಲಿ ಕಬ್ಬಿಣದ ಅಂಶವೂ ಇರುತ್ತೆ. ಎತ್ತಿದಾಗ ನೀರು ತಿಳಿಯಾಗಿರುತ್ತೆ, ಗಾಳಿ ತಾಗಿದ ಮೇಲೆ ಕೆಂಪಗೆ ತುಕ್ಕಿನ ಬಣ್ಣಕ್ಕೆ ತಿರುಗುತ್ತೆ. ಇವೆರಡಕ್ಕೂ ಮದ್ದು ಬಾಟಲಿಯಲ್ಲಿಲ್ಲ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ಹಿಡಿದು, ಸಣ್ಣ ಏರ್ ಪಂಪು ಹಾಕಿ ಒಂದು ರಾತ್ರಿ ಒಂದು ಹಗಲು ಬಿಡಿ. ಕೆಟ್ಟ ಗಾಳಿ ಹೋಗುತ್ತೆ, ಒಳ್ಳೆ ಗಾಳಿ ಸೇರುತ್ತೆ, ತುಕ್ಕು ತಳಕ್ಕೆ ಕೂರುತ್ತೆ. ಮೇಲಿನ ತಿಳಿ ನೀರು ಬಳಸಿ. ಆ ಡ್ರಮ್ಮು, ಆ ಬಕೆಟ್ಟು ಯಾವತ್ತೂ ಕೀಟನಾಶಕ ಕಲಸಿದ್ದಾಗಿರಬಾರದು. ಸೈಪರ್‌ಮೆಥ್ರಿನ್ ಜಾತಿಯ ಔಷಧಿ ಸ್ವಲ್ಪ ಅಂಟಿಕೊಂಡಿದ್ರೂ ಮೀನು ಉಳಿಯೋದು ಕಷ್ಟ.

ಇನ್ನು ಹಳದಿ ಬಾಟಲಿ, ಪಿಎಚ್ ಇಳಿಸೋ ದ್ರಾವಣ. ನಮ್ಮ ಬೋರಿನ ಲೆಕ್ಕ ಹೇಳ್ತೀನಿ. ಎತ್ತಿದ ತಕ್ಷಣ ಪಿಎಚ್ 7.2 ಇತ್ತು. ಡ್ರಮ್ಮಿನಲ್ಲಿ ಒಂದು ದಿನ ಗಾಳಿ ಆಡಿದ ಮೇಲೆ 8.3. ಗಡಸುತನ ಲೀಟರಿಗೆ 480 ಮಿಲಿಗ್ರಾಂ, ಕ್ಷಾರೀಯತೆ 380. ಬಿಂದಿಗೆ ಒಳಗೆ, ಗೀಸರ್ ಕಾಯಿಲಿಗೆ ಬಿಳಿ ಸುಣ್ಣ ಕಟ್ಟೋದು ಈ ನೀರೇ. ಇಷ್ಟು ಕ್ಷಾರೀಯತೆ ಇರೋ ನೀರಿಗೆ ಆಮ್ಲದ ದ್ರಾವಣ ಹಾಕಿದ್ರೆ ಬೆಳಿಗ್ಗೆ ಪಿಎಚ್ ಇಳಿಯುತ್ತೆ, ಮಾರನೇ ದಿನ ಮತ್ತೆ ಮೇಲೆ. ಮತ್ತೆ ಹಾಕ್ತೀರಿ, ಮತ್ತೆ ಏರುತ್ತೆ. ಹೆಚ್ಚು ಪಿಎಚ್ ಮೀನಿಗೆ ಎಷ್ಟೋ ಸಲ ಒಗ್ಗುತ್ತೆ. ದಿನಾ ಏರಿಳಿಯೋ ಪಿಎಚ್ ಒಗ್ಗಲ್ಲ.

ಅದಕ್ಕೆ ನೀರಿಗೆ ತಕ್ಕ ಮೀನು ತನ್ನಿ, ಮೀನಿಗೆ ತಕ್ಕ ನೀರು ಮಾಡೋಕೆ ಹೋಗಬೇಡಿ. ಕೆಂಪು ಮಣ್ಣಿನಲ್ಲಿ ಶೇಂಗಾ ಹಾಕ್ತೀವಿ, ಗದ್ದೆ ಭತ್ತ ಹಾಕಲ್ಲ. ಗಪ್ಪಿ, ಮೋಲಿ, ಪ್ಲಾಟಿ ಇವೆಲ್ಲ ಗಡಸು ನೀರಿನ ಮೀನು, ಸುಣ್ಣದ ನೀರಿನಲ್ಲಿ ಖುಷಿಯಾಗಿರ್ತವೆ. ಗೋಲ್ಡ್ ಫಿಶ್ ಕೂಡ ತಡೆಯುತ್ತೆ, ಆದ್ರೆ ಅದಕ್ಕೆ ದೊಡ್ಡ ತೊಟ್ಟಿ ಬೇಕು. ಡಿಸ್ಕಸ್, ಕಾರ್ಡಿನಲ್ ಟೆಟ್ರಾ ಅಮೆಜಾನ್ ಕಡೆಯ ಮೆದು ನೀರಿನವು, ಆ ಆಸೆ ಬಿಡಿ. ಬಿಡೋಕಾಗಲ್ಲ ಅಂದ್ರೆ ಹೊಗೆ, ಧೂಳು ಇಲ್ಲದ ಚಾವಣಿಯ ಮಳೆ ನೀರು ಹಿಡಿಯಿರಿ. ಮೊದಲ ಮಳೆ ಹರಿದು ಹೋಗಲಿ, ಆಮೇಲಿನದನ್ನು ಹಿಡಿದು ಬೋರ್ ನೀರಿಗೆ ಬೆರೆಸಿ, ಪರೀಕ್ಷೆ ಮಾಡಿ ಬಳಸಿ.

"ಉಪ್ಪು ಹಾಕೋ ಸಾಫ್ಟನರ್ ಇದೆ ನಮ್ಮನೇಲಿ" ಅಂತಾರೆ ಕೆಲವರು. ಅದು ಸುಣ್ಣದ ಅಂಶ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತೆ. ಬಟ್ಟೆಗೆ ನೊರೆ ಬರುತ್ತೆ, ಕ್ಷಾರೀಯತೆ ಹಾಗೇ ಇರುತ್ತೆ. ಇನ್ನು ಕೆಲವರು ಆರ್‌ಒ ಘಟಕದ ಕ್ಯಾನ್ ನೀರನ್ನೇ ತೊಟ್ಟಿಗೆ ಸುರೀತಾರೆ. ಬರೀ ಆರ್‌ಒ ನೀರಿನಲ್ಲಿ ಖನಿಜ ಇಲ್ಲ, ಪಿಎಚ್ ಹಿಡಿದು ನಿಲ್ಲಿಸೋ ಶಕ್ತಿಯೂ ಇಲ್ಲ. ಮೀನಿಗೆ ಅದೂ ಕಷ್ಟವೇ.

ಮತ್ತೊಂದು ಮೋಸ ಹೇಳಲೇಬೇಕು. ಮನೆ ಮನೆಗೆ ಬಂದು ಲೋಟದ ನೀರಿಗೆ ಎರಡು ಜೊತೆ ಕಂಬಿ ಇಳಿಸಿ ಕರೆಂಟು ಕೊಡ್ತಾರೆ. ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗುತ್ತೆ, ಅವರು ತಂದ ನೀರು ತಿಳಿಯಾಗೇ ಇರುತ್ತೆ. ಆ ಬಣ್ಣ ನಿಮ್ಮ ನೀರಿನ ಕೊಳೆ ಅಲ್ಲ ಕಣ್ರೀ. ಕಬ್ಬಿಣದ ಕಂಬಿ ಕರಗಿ ಬಂದದ್ದು. ಉಪ್ಪಿನಂಶ ಇರೋ ನೀರಿನಲ್ಲಿ ಕರೆಂಟು ಹರಿಯುತ್ತೆ, ಕಂಬಿ ಕರಗುತ್ತೆ. ಅವರ ನೀರಿನಲ್ಲಿ ಉಪ್ಪಿಲ್ಲ, ಕರೆಂಟು ಹರಿಯಲ್ಲ. ಅಷ್ಟೇ ಜಾದೂ. ಟಿಡಿಎಸ್ ಪೆನ್ನು ಕೂಡ ಒಟ್ಟು ಉಪ್ಪಿನ ಅಂದಾಜು ಹೇಳುತ್ತೆ, ಅಷ್ಟೇ. ಯಾವ ಉಪ್ಪು, ವಿಷವೋ ಅಲ್ಲವೋ, ಅದಕ್ಕೆ ಗೊತ್ತಿಲ್ಲ.

ಹೊಸ ತೊಟ್ಟಿಯಲ್ಲಿ ನಿಜವಾದ ವಿಷ ಅಮೋನಿಯಾ. ಮೀನಿನ ಹೇಲು, ಮಿಕ್ಕ ಕಾಳು ಕೊಳೆತು ಬರುತ್ತೆ. ಪಿಎಚ್ 7 ಇದ್ದಾಗಿಗಿಂತ 8 ಇದ್ದಾಗ ಅದರ ವಿಷದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟು. ಹಾಗಾಗಿ ನಮ್ಮಂಥ ನೀರಿನವರು ಇನ್ನೂ ಹುಷಾರಾಗಿರಬೇಕು. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ತಿಪ್ಪೆ ಗೊಬ್ಬರ ಒಂದೇ ದಿನಕ್ಕೆ ಕಳಿಯುತ್ತಾ? ಇದೂ ಹಾಗೇ. ಎರಡು ಮೂರು ಸಣ್ಣ ಮೀನಿನಿಂದ ಶುರು ಮಾಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸೋವಷ್ಟೇ ಕಾಳು ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಚೆಲ್ಲಬೇಡಿ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಅಕ್ವೇರಿಯಂ ಕಿಟ್ಟು ತಂದು ಅಮೋನಿಯಾ, ನೈಟ್ರೈಟ್ ನೋಡ್ತಾ ಇರಿ. ಇವೆರಡೂ ಸೊನ್ನೆಗೆ ಬಂದ ಮೇಲೆ ಮೀನು ಹೆಚ್ಚಿಸಿ.

ಈಗ ಅಸಲಿ ಮಾತಿಗೆ ಬರ್ತೀನಿ. ನನಗೆ ಸಿಟ್ಟು ಬರೋದು ಇಲ್ಲೇ.

ನಮ್ಮ ಚೀಟಿಯಲ್ಲಿ ಇನ್ನೂ ಎರಡು ಸಾಲು ಇದ್ದವು. ನೈಟ್ರೇಟ್ 60, ಫ್ಲೋರೈಡ್ 1.9. ಕುಡಿಯೋ ನೀರಿಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 10500 ಹೇಳೋ ಮಿತಿ ನೈಟ್ರೇಟಿಗೆ 45. ಫ್ಲೋರೈಡಿಗೆ 1, ಬೇರೆ ನೀರೇ ಇಲ್ಲದಿದ್ರೆ 1.5. ಈ ನೀರಿನಲ್ಲಿ ಗಪ್ಪಿ ಮರಿ ಹಾಕ್ತಾ ಆರಾಮಾಗಿದೆ. ಅದನ್ನು ನೋಡಿ "ಮೀನೇ ಬದುಕಿದೆ, ನಮಗೇನಾಗುತ್ತೆ" ಅಂತಾರೆ. ಮೀನು ಬದುಕಿದ್ರೆ ನೀರು ಕುಡಿಯೋಕೆ ಒಳ್ಳೇದು ಅಂತ ಅಲ್ಲ. ಫ್ಲೋರೈಡ್ ಮೂರು ದಿನದಲ್ಲಿ ಕೊಲ್ಲಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಎಳೆಯುತ್ತೆ, ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು ಹಿಡಿಯುತ್ತೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಇದನ್ನು ನಾನು ಹೇಳಬೇಕಾ?

"ನಮ್ಮ ತಾತನ ಕಾಲದಿಂದ ಇದೇ ಊರ ನೀರು ಕುಡಿದಿದ್ದೀವಿ" ಅನ್ನೋರಿಗೆ ಒಂದು ಮಾತು. ನಿಮ್ಮ ತಾತ ಕುಡಿದದ್ದು ಮೂವತ್ತು ಅಡಿ ಬಾವಿ ನೀರು. ನೀವು ಕುಡಿಯೋದು ಸಾವಿರ ಅಡಿ ಕೆಳಗೆ ಬಂಡೆ ಸೀಳಿ ಬಂದದ್ದು. ಎರಡೂ ಒಂದೇ ಊರಿನದು, ಒಂದೇ ನೀರಲ್ಲ. "ಕುದಿಸಿ ಕುಡೀತೀವಿ" ಅನ್ನೋರಿಗೆ ಇನ್ನೊಂದು. ಕುದಿಸಿದ್ರೆ ರೋಗಾಣು ಸಾಯುತ್ತೆ, ಫ್ಲೋರೈಡ್, ನೈಟ್ರೇಟ್ ಹೋಗಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. "ಘಟಕದ ನೀರು ತರ್ತೀವಿ" ಅನ್ನೋರು ಅಡುಗೆ ಮನೆಗೆ ಹೋಗಿ ನೋಡಿ. ಕುಡಿಯೋಕೆ ಕ್ಯಾನು, ಅನ್ನ, ಸಾರು, ಮುದ್ದೆಗೆ ಬೋರ್ ನೀರು. ಹೊಟ್ಟೆಗೆ ಹೋಗೋದು ಎರಡೂ ತಾನೇ?

ಪರೀಕ್ಷೆ ದೊಡ್ಡ ಕೆಲಸವೇನಲ್ಲ. ಬೋರ್ ಹತ್ತು ನಿಮಿಷ ಓಡಲಿ. ಶುಭ್ರವಾದ ಒಂದು ಲೀಟರ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ಕತ್ತಿನವರೆಗೂ ತುಂಬಿ ಬಿಗಿ ಮಾಡಿ. ಅದೇ ದಿನ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಮುಟ್ಟಿಸಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ತರಬೇತಿ ಕೊಡಬೇಕು ಅಂತಿದೆ. ನಿಮ್ಮೂರಲ್ಲಿ ಆ ಐವರು ಯಾರು, ಕಿಟ್ಟು ಎಲ್ಲಿದೆ ಅಂತ ಪಂಚಾಯ್ತಿಯಲ್ಲಿ ಕೇಳಿ. ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಆದಮೇಲೆ ಒಂದು ಸಲ ಮಾಡಿಸಿ. ತಿಪ್ಪೆ, ಕೊಟ್ಟಿಗೆ ಗಂಜಲ, ಯೂರಿಯಾ ಇವೆಲ್ಲ ಮಳೆಯ ಜೊತೆ ಇಳಿದು ನೈಟ್ರೇಟ್ ಆಗಿ ಬೋರಿಗೆ ಸೇರ್ತವೆ.

ಮೀನಿನ ನೆಪದಲ್ಲಾದ್ರೂ ಮಾಡಿಸಿ, ಬೇಜಾರಿಲ್ಲ. ಬಂದ ಚೀಟಿಯನ್ನು ಅಕ್ವೇರಿಯಂಗೆ ಅಂಟಿಸಬೇಡಿ, ಅಡುಗೆ ಮನೆ ಗೋಡೆಗೆ ಅಂಟಿಸಿ. ನನ್ನ ಮಾತು ಒಪ್ಪದೆ ಜಗಳಕ್ಕೆ ಬರೋರು ಬರಲಿ, ಆದ್ರೆ ನಿಮ್ಮ ಬೋರಿನ ಚೀಟಿ ಕೈಯಲ್ಲಿ ಹಿಡ್ಕೊಂಡು ಬನ್ನಿ.