ಅರ್ಧಕ್ಕೆ ನಿಂತ ಚಿತ್ರ

ಹಣ ಸಾಲದೆ ಎರಡು ಸಲ ನಿಂತು, ಎರಡು ಸಲ ಮತ್ತೆ ಹೊರಟ ಒಂದು ಸಣ್ಣ ಚಲನಚಿತ್ರದಲ್ಲಿ ನಾನೂ ಒಬ್ಬ ಕೆಲಸಗಾರ. ಈಗ ಅದು ಮೂರನೆಯ ಸಲ ನಿಂತಿದೆ. ಮುಂದುವರಿಯತಕ್ಕದ್ದೋ, ಕೈಬಿಡತಕ್ಕದ್ದೋ ಎಂಬ ಪ್ರಶ್ನೆ ನನ್ನ ಸ್ವಂತದ್ದೆಂಬುದು ನಿಜ. ಆದರೆ ಕಲೆಯ ಹೆಸರಿನಲ್ಲಿ ಹತ್ತು ಜನರನ್ನು ಕೂಡಿಸಿಕೊಂಡು ಹೊರಡುವ ಯಾರಿಗಾದರೂ ಒಂದು ದಿನ ಇದು ಎದುರಾಗದೆ ಇರದು. ಆದುದರಿಂದ ಅದನ್ನು ಬಹಿರಂಗವಾಗಿ ಚರ್ಚಿಸುವುದು ತಪ್ಪಾಗಲಾರದೆಂದು ಭಾವಿಸಿದ್ದೇನೆ.

ನಾನು ವಾಡಿಯ ಒಬ್ಬ ಶಾಲಾಮಾಸ್ತರ. ಶಹಾಬಾದ, ಚಿತ್ತಾಪುರಗಳ ಸುತ್ತ ನೆಲವನ್ನು ಪದರಪದರವಾಗಿ ಸೀಳಿ ಹಾಸುಗಲ್ಲು ತೆಗೆಯುವ ಜನರ ನಡುವೆ ಬೆಳೆದವನು. ಅಂಥ ಒಂದು ಕಲ್ಲುಗಣಿಯ ಸಂಸಾರದ ಕಥೆಯನ್ನು ಚಿತ್ರಿಸಲು ಬಂದ ತರುಣ ನಿರ್ದೇಶಕರೊಬ್ಬರಿಗೆ ಸಂಭಾಷಣೆಯನ್ನು ನಮ್ಮ ಕಡೆಯ ಮಾತಿಗೆ ತಿದ್ದಿಕೊಡುವವರು ಬೇಕಾಗಿದ್ದರು. ಉರ್ದು, ತೆಲುಗು, ಮರಾಠಿಗಳ ನೆರೆಯಲ್ಲಿ ಬಾಳಿದ ಕಲಬುರಗಿ ಸೀಮೆಯ ಕನ್ನಡ ತೆರೆಯ ಮೇಲೆ ಬಹುಮಟ್ಟಿಗೆ ನಗೆಗಾಗಿಯೇ ಬರುವುದನ್ನು ಕಂಡು ನೊಂದಿದ್ದ ನಾನು ಸಂತೋಷದಿಂದ ಒಪ್ಪಿದೆ. ನಟರಲ್ಲಿ ಹೆಚ್ಚಿನವರು ಗಣಿಯ ಕೂಲಿಕಾರರೇ. ‘ಒಂದು ದಿನದ ಕೆಲಸ ಬಿಟ್ಟು ಬನ್ನಿ, ಅಷ್ಟೇ ಕೂಲಿ ಇಲ್ಲಿಯೂ ಉಂಟು’ ಎಂದು ಮನೆಮನೆಗೆ ಹೋಗಿ ಹೇಳಿದವನು ನಾನೇ. ಹನ್ನೊಂದು ದಿನಗಳ ಕೂಲಿ ಇಂದಿಗೂ ಬಾಕಿ ಇದೆ.

ಕೈಬಿಡಬೇಡವೆನ್ನುವ ಮಿತ್ರರು ಹಿರಿಯರ ದೃಷ್ಟಾಂತ ಕೊಡುತ್ತಾರೆ. ಸತ್ಯಜಿತ್ ರಾಯ್ 1952ರಲ್ಲಿ ಆರಂಭಿಸಿದ ‘ಪಥೇರ್ ಪಾಂಚಾಲಿ’ ತೆರೆ ಕಂಡದ್ದು 1955ರಲ್ಲಿ. ನಡುವೆ ಅವರ ವಿಮಾಪತ್ರ ಒತ್ತೆ ಹೋಯಿತು, ಪತ್ನಿಯ ಒಡವೆಗಳು ಹೋದುವು, ತಿಂಗಳುಗಟ್ಟಲೆ ಚಿತ್ರೀಕರಣ ನಿಂತಿತು. ಕೊನೆಗೆ ಪಶ್ಚಿಮ ಬಂಗಾಳದ ಸರ್ಕಾರ ಹಣ ಕೊಟ್ಟದ್ದರಿಂದ ಅದು ಪೂರ್ಣಗೊಂಡಿತು. ನಮ್ಮಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ, ಸಾಹಿತಿಗಳಾದ ಕಾರ್ನಾಡ, ಲಂಕೇಶರನ್ನು ನಟರನ್ನಾಗಿಸಿಕೊಂಡು, ಸುಮಾರು ಒಂದು ಲಕ್ಷ ರೂಪಾಯಿಯಲ್ಲಿ ‘ಸಂಸ್ಕಾರ’ವನ್ನು ನಿರ್ಮಿಸಿದರು. ಸೆನ್ಸಾರಿನವರು ಮೊದಲು ತಡೆದ ಆ ಚಿತ್ರವೇ 1970ರ ಅತ್ಯುತ್ತಮ ಭಾರತೀಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು.

ಈ ದೃಷ್ಟಾಂತಗಳು ದೊಡ್ಡವು. ಬಡತನವೊಂದೇ ಕೈಬಿಡಲು ಕಾರಣವಾಗಲಾರದೆಂಬುದನ್ನು ಅವು ತೋರಿಸುತ್ತವೆ. ಆದರೆ ಹಿಡಿದ ಹಟವೆಲ್ಲ ಒಳ್ಳೆಯದೆಂದು ಅವು ಹೇಳುವುದಿಲ್ಲ. ಮುಗಿದ ಚಿತ್ರಗಳನ್ನು ಮಾತ್ರ ನಾವು ನೆನೆಯುತ್ತೇವೆ. ಪೆಟ್ಟಿಗೆಯಲ್ಲಿಯೇ ಉಳಿದುಹೋದವುಗಳ ಲೆಕ್ಕವನ್ನು ಇಟ್ಟವರಾರು? ಅಲ್ಲದೆ ರಾಯ್ ಒತ್ತೆಯಿಟ್ಟದ್ದು ತಮ್ಮ ಮನೆಯದನ್ನು. ನಮ್ಮ ಚಿತ್ರದಲ್ಲಿ, ಯಾರೂ ಬೇಕೆಂದು ಮಾಡದಿದ್ದರೂ, ಒತ್ತೆ ಬಿದ್ದಿರುವುದು ಕೂಲಿಯವರ ಅನ್ನ. ಚಿತ್ರ ಮುಗಿದರೆ ಸರ್ಕಾರದ ಸಹಾಯಧನ ಬರುತ್ತದೆ, ಆಗ ಬಾಕಿ ತೀರಿಸೋಣ ಎನ್ನುತ್ತಾರೆ ನಿರ್ದೇಶಕರು. ಅವರು ಮೋಸಗಾರರಲ್ಲ, ಎಷ್ಟೋ ರಾತ್ರಿ ರೈಲುನಿಲ್ದಾಣದ ಚಹಾದಲ್ಲಿಯೇ ಊಟ ಮುಗಿಸಿದವರು. ಆದರೆ ಸಹಾಯಧನ ದೊರೆಯುವುದು ಚಿತ್ರ ಪೂರ್ತಿಯಾಗಿ, ಸೆನ್ಸಾರಿನ ಪ್ರಮಾಣಪತ್ರ ಪಡೆದು, ಆಯ್ಕೆ ಸಮಿತಿಯವರಿಗೆ ಒಪ್ಪಿಗೆಯಾದ ಮೇಲೆ. ಅಲ್ಲಿಯವರೆಗೆ ಕಾಯಿರೆಂದು ಯಾವ ಬಾಯಿಂದ ಹೇಳಲಿ?

ಹಾಗಾದರೆ ಬಿಟ್ಟುಬಿಡಬಹುದಲ್ಲ ಎನ್ನುವಿರಿ. ಅದೂ ಸುಲಭವಲ್ಲ. ಅರ್ಧ ಬರೆದ ಕವಿತೆ ಮೇಜಿನೊಳಗೆ ಬಿದ್ದಿದ್ದರೆ ನಷ್ಟ ಕವಿಯೊಬ್ಬನದು. ಅರ್ಧ ಚಿತ್ರದೊಡನೆ ಹತ್ತಾರು ಜನರ ದುಡಿಮೆ ಕತ್ತಲೆ ಸೇರುತ್ತದೆ. ಅಜ್ಜಿಯ ಪಾತ್ರ ವಹಿಸಿದ ಮುದುಕಿ ದಾರಿಯಲ್ಲಿ ಸಿಕ್ಕಾಗ ಕೂಲಿಯ ಮಾತೆತ್ತಲಿಲ್ಲ. ‘ಮಾಸ್ತರ್ರ, ನನ್ನ ಮಾರಿ ಪರದೆ ಮ್ಯಾಲ ಯಾವಾಗ ಕಾಣ್ತದ್ರೀ?’ ಎಂದು ಕೇಳಿದಳು. ‘ಪಥೇರ್ ಪಾಂಚಾಲಿ’ಯ ಮುದುಕಿಯಾಗಿ ನಟಿಸಿದ ಚುನಿಬಾಲಾ ದೇವಿ ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು. ಇಳಿವಯಸ್ಸು ಹಣಕ್ಕಾಗಿ ಕಾಯುವುದಿಲ್ಲ.

ಬಹಳ ಯೋಚಿಸಿ ನಾನು ಮುಟ್ಟಿದ ನಿರ್ಣಯವಿದು. ಕಷ್ಟ ಬಂದಿತೆಂದು ಕೆಲಸ ಬಿಡಬಾರದು. ಕಷ್ಟವನ್ನು ಯಾರು ಹೊರುತ್ತಿದ್ದಾರೆಂಬುದನ್ನು ಮುಚ್ಚಿಡುವ ಕೆಲಸದಲ್ಲಿ ಉಳಿಯಲೂ ಬಾರದು. ನಿರ್ದೇಶಕರಿಗೆ ಕಾಗದ ಬರೆದಿದ್ದೇನೆ: ಲೆಕ್ಕದ ಪುಸ್ತಕ ಎಲ್ಲರೆದುರು ತೆರೆಯಲಿ, ಬಂದ ಹಣದಲ್ಲಿ ಮೊದಲು ಹಳೆಯ ಕೂಲಿ ಸಂದಾಯವಾಗಲಿ, ಆ ದಿನದ ಕೂಲಿ ಕೈಯಲ್ಲಿದ್ದರೆ ಮಾತ್ರ ಕ್ಯಾಮೆರಾ ಹೊರಡಲಿ, ವರ್ಷವಾದರೂ ಚಿಂತೆಯಿಲ್ಲ. ಇದಕ್ಕೆ ಒಪ್ಪಿದರೆ ಚಿತ್ರ ಮುಗಿಯುವ ತನಕ ಸಂಭಾವನೆಯಿಲ್ಲದೆ ದುಡಿಯುತ್ತೇನೆ. ಒಪ್ಪದಿದ್ದರೆ, ಕರೆಯಲು ಹೋಗಿದ್ದ ಮನೆಗಳಿಗೇ ಮತ್ತೆ ಹೋಗಿ, ನಾನು ಕೊಟ್ಟ ಮಾತು ಸುಳ್ಳಾಯಿತೆಂದು ಹೇಳಿ ಬರುತ್ತೇನೆ.

ಉತ್ತರ ಇನ್ನೂ ಬಂದಿಲ್ಲ. ನನಗೆ ಮುಂಗಡವಾಗಿ ದೊರೆತಿದ್ದ ಹಣದಲ್ಲಿ ಆ ಮುದುಕಿಯ ಕೂಲಿಯನ್ನು ಮೊನ್ನೆ ಕೊಟ್ಟು ಬಂದೆ. ಆಕೆ ಎಣಿಸದೆ ಸೆರಗಿಗೆ ಕಟ್ಟಿಕೊಂಡು, ಮತ್ತೆ ಅದೇ ಪ್ರಶ್ನೆಯನ್ನು ಕೇಳಿದಳು.