ಆಸ್ಪತ್ರೆಯಲ್ಲಿ ಬೀಳುವ ರೋಗಿಗಳು

ರೋಗ ನಿವಾರಣೆಗೆಂದು ಆಸ್ಪತ್ರೆಗೆ ಬಂದ ವೃದ್ಧನು ಅಲ್ಲಿಯೇ ಜಾರಿಬಿದ್ದು ಸೊಂಟ ಮುರಿದುಕೊಂಡರೆ, ಅದನ್ನು ಗ್ರಹಚಾರವೆಂದು ಹೇಳಿ ಸುಮ್ಮನಾಗುವ ರೂಢಿಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಬೀಳುವಿಕೆಯಿಂದ ಜಗತ್ತಿನಲ್ಲಿ ವರ್ಷಂಪ್ರತಿ ಸುಮಾರು 6,84,000 ಜನರು ಮೃತರಾಗುವರೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಂದಾಜು ಮಾಡಿರುವುದು. ಇವುಗಳಲ್ಲಿ ಆಸ್ಪತ್ರೆಯೊಳಗೆ ಸಂಭವಿಸುವಂಥವನ್ನಾದರೂ ತಗ್ಗಿಸುವುದು ಸಾಧ್ಯವೆಂದು ನಾವು ದೃಢವಾಗಿ ನಂಬುತ್ತೇವೆ.

ಯಾರು ಬೀಳುವ ಸಂಭವವಿದೆಯೆಂಬುದನ್ನು ಮುಂಚಿತವಾಗಿ ಅಳೆಯಬಹುದು. 1989ರಲ್ಲಿ ಜಾನಿಸ್ ಮೋರ್ಸ್ ಎಂಬ ವಿದುಷಿಯು ಪ್ರಕಟಿಸಿದ ಮಾನದಂಡದಲ್ಲಿ ಆರೇ ಪ್ರಶ್ನೆಗಳು: ಹಿಂದೆ ಬಿದ್ದುದುಂಟೆ? ಬೇರೊಂದು ರೋಗವುಂಟೆ? ನಡೆಯಲು ಆಸರೆ ಬೇಕೆ? ಡ್ರಿಪ್ ಹಾಕಿದೆಯೆ? ನಡಿಗೆ ಹೇಗಿದೆ? ತನ್ನ ಶಕ್ತಿಯ ಮಿತಿಯನ್ನು ರೋಗಿಯು ಬಲ್ಲನೆ? 2009ರಲ್ಲಿ ಅಮೆರಿಕೆಯ ನಾಲ್ಕು ಆಸ್ಪತ್ರೆಗಳಲ್ಲಿ ಈ ಉತ್ತರಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಆಯಾ ರೋಗಿಗೆ ತಕ್ಕ ಎಚ್ಚರಿಕೆಗಳನ್ನು ಅದರಿಂದಲೇ ಮುದ್ರಿಸಿ ಮಂಚದ ಬಳಿ ತೂಗಹಾಕಿದರು. ಹಾಗೆ ಮಾಡದ ವಾರ್ಡುಗಳಲ್ಲಿ 1,000 ರೋಗಿದಿನಗಳಿಗೆ 4.18ರಂತೆ ರೋಗಿಗಳು ಬಿದ್ದರೆ, ಮಾಡಿದ ಕಡೆ ಆ ಪ್ರಮಾಣವು 3.15ಕ್ಕೆ ಇಳಿಯಿತು. ರೋಗಿಯು ಮಂಚ ಬಿಟ್ಟೊಡನೆ ಕೂಗುವ ಗಂಟೆಗಳಿಂದಲಾದರೋ ಬೀಳುವಿಕೆಯು ಕಡಿಮೆಯಾಗಲಿಲ್ಲವೆಂದು 2012ರ ಇನ್ನೊಂದು ಪರೀಕ್ಷೆಯು ತೋರಿಸಿತು. ಯಂತ್ರವು ಕೂಗಿದರೆ ಸಾಲದು. ಮಂಚದ ಬದಿಯ ಮನುಷ್ಯನಿಗೆ ಅದರ ಮಾತು ತಿಳಿಯಬೇಕು.

ನಮ್ಮ ಪುತ್ತೂರು, ಸುಳ್ಯ, ಕಡಬಗಳ ಸ್ಥಿತಿಯನ್ನು ಈ ದೃಷ್ಟಿಯಿಂದ ನೋಡೋಣ. ಇಲ್ಲಿ ರೋಗಿಯನ್ನು ಹಗಲಿರುಳು ಕಾಯುವವರು ಮಗಳೋ ಸೊಸೆಯೋ ತಮ್ಮನೋ ಆಗಿರುವರು. ಅವರು ಔಷಧಿ ತರಲು ಹೋದ ಗಳಿಗೆಯಲ್ಲಿಯೇ ಮುದುಕನು ಶೌಚಕ್ಕೆಂದು ಒಬ್ಬನೇ ಏಳುತ್ತಾನೆ; ಆಟಿಯ ಮಳೆಗಾಲದಲ್ಲಿ ನೆಲವೂ ಒದ್ದೆ. ಇವರು ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲೆಯಾಳಗಳನ್ನಾಡುವವರಾದರೂ ಶಾಲೆಯಲ್ಲಿ ಕಲಿತು ಓದುವ ಭಾಷೆ ಕನ್ನಡ. ಇಂಗ್ಲಿಷಿನ ಎಚ್ಚರಿಕೆಯ ಹಾಳೆಯಿಂದ ಇವರಿಗೇನು ಪ್ರಯೋಜನ?

ಆದುದರಿಂದ ನಮ್ಮ ಸೂಚನೆಯಿಷ್ಟೆ. ರೋಗಿಯ ಹೆಸರನ್ನು ಬರೆದುಕೊಳ್ಳುವ ಗಣಕಯಂತ್ರವೇ ಈ ಆರು ಪ್ರಶ್ನೆಗಳನ್ನೂ ಕೇಳಲಿ. ಚಿತ್ರಸಹಿತವಾದ ಕನ್ನಡದ ಹಾಳೆಯನ್ನು ಮುದ್ರಿಸಲಿ. ದಾದಿಯು ಅದನ್ನು ಬಂಧುಗಳಿಗೆ ಅವರ ಮನೆಮಾತಿನಲ್ಲಿ ವಿವರಿಸಲಿ. ಕುರುಂಜಿ ವೆಂಕಟರಮಣ ಗೌಡರು ಸ್ಥಾಪಿಸಿದ ಸುಳ್ಯದ ವೈದ್ಯಕೀಯ ಕಾಲೇಜಿನ ವಿದ್ವಾಂಸರು ಪ್ರಶ್ನಾವಳಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಪರೀಕ್ಷಿಸಿದರೆ ನಾಡಿಗೇ ಉಪಕಾರವಾದೀತು. ಯಂತ್ರವಿಲ್ಲದೆಡೆ ಕೈಬರಹದ ಹಾಳೆಯೂ ಆದೀತು. ಆದರೆ ದಾದಿಯರ ಸಂಖ್ಯೆಯನ್ನು ಕಡಿಮೆಮಾಡಲು ಯಂತ್ರವನ್ನು ನೆಪಮಾಡಕೂಡದು. ಎಚ್ಚರಿಕೆಯನ್ನು ಓದಿ ರೋಗಿಯ ಕೈಹಿಡಿಯುವವರೇ ಇಲ್ಲದಿದ್ದರೆ ಮುದ್ರಿಸಿದ್ದೆಲ್ಲವೂ ವ್ಯರ್ಥ. ಆರೋಗ್ಯ ಇಲಾಖೆಯ ಅಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಈ ಕಡೆಗೆ ಲಕ್ಷ್ಯವೀಯುವರೆಂದು ಆಶಿಸುತ್ತೇವೆ.